ಸಂಬಳದ ಕಾಲಂ ಖಾಲಿ ಇರುವ ಮೇಳಗಳು

ಸಂಬಳ ಎಂಬ ಮಾತಿಗೆ ಸಂಸ್ಕೃತದಲ್ಲಿ ದಾರಿಬುತ್ತಿ ಎಂದು ಅರ್ಥ. ಪಯಣ ಹೊರಟವನ ಕೈಗೆ ಮೊದಲೇ ಕಟ್ಟಿಕೊಡುವ ಬುತ್ತಿ ಕನ್ನಡದಲ್ಲಿ ತಿಂಗಳ ದುಡಿಮೆಯ ಹಣವಾಯಿತು. ದಲ್ಲಾಳಿ ಅರಬ್ಬಿ ಮೂಲದ್ದು. ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿ ಪಾಲು ಪಡೆಯುವವನು. ಈ ಎರಡು ಮಾತುಗಳ ನಡುವಿನ ದೂರವನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಉದ್ಯೋಗ ಮೇಳಗಳಲ್ಲಿ ನೋಡುತ್ತ ಬಂದಿದ್ದೇನೆ.

ಮೇಳದ ನೋಟ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕಾಲೇಜು ಮೈದಾನ, ಶಾಮಿಯಾನ, ಪ್ಲಾಸ್ಟಿಕ್ ಕವರಿನೊಳಗೆ ಹತ್ತು ಬಯೋಡೇಟಾ ಜೆರಾಕ್ಸ್ ಹಿಡಿದು ನಿಂತ ಹುಡುಗ ಹುಡುಗಿಯರು. ಗಾರ್ಮೆಂಟ್ಸಿನವರು, ಬಿಡದಿ ಕಡೆಯ ಕಾರ್ಖಾನೆಯವರು ತಿಂಗಳಿಗೆ ಇಷ್ಟು ಎಂದು ಬರೆದೇ ಹಾಕಿರುತ್ತಾರೆ. ಅಲ್ಲಿ ಸಾಲು ಉದ್ದ. ಪಕ್ಕದಲ್ಲೇ ವಿಮೆ, ಸಾಲ, ಸೈಟು, ನೀರಿನ ಫಿಲ್ಟರ್ ಮಾರುವವರ ಮೇಜುಗಳು. “ಸಂಬ್ಳ ಎಷ್ಟು ಸಾ?” ಎಂದು ಕೇಳಿದರೆ, “ಫಿಕ್ಸೆಡ್ ಅಂತ ಇಲ್ಲ. ದುಡಿದಷ್ಟೂ ನಿಮ್ದೇ. ತಿಂಗಳಿಗೆ ಐವತ್ ಸಾವ್ರ ತಗೊಳ್ಳೋರವ್ರೆ” ಎಂಬ ಉತ್ತರ. ಸಂಜೆಗೆ ಇವರು ಆರಿಸಿಕೊಂಡವರೂ ‘ಸ್ಥಳದಲ್ಲೇ ಆಯ್ಕೆಯಾದವರು’ ಎಂಬ ಲೆಕ್ಕಕ್ಕೆ ಸೇರುತ್ತಾರೆ.

ಈ ಜಿಲ್ಲೆಗೆ ತಿಂಗಳ ಸಂಬಳದ ರುಚಿ ಹತ್ತಿ ಬಹಳ ಕಾಲವಾಯಿತು. 1902ರಲ್ಲಿ ಮಳವಳ್ಳಿ ಸೀಮೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಜನ ಇಂದಿಗೂ ‘ಬ್ಲಫ್’ ಎಂದೇ ಕರೆಯುವ ಆ ಜಾಗದಲ್ಲಿ ಮಳೆಬೆಳೆಯ ಹಂಗಿಲ್ಲದೆ ತಿಂಗಳ ಕೊನೆಗೆ ಹಣ ಎಣಿಸುವವರು ಹುಟ್ಟಿಕೊಂಡರು. ಕನ್ನಂಬಾಡಿಯ ನೀರು ನಾಲೆಗೆ ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಬಂತು. ಆಮೇಲೆ ಮದ್ದೂರಿನ ಗೆಜ್ಜಲಗೆರೆಯಲ್ಲಿ ಹಾಲಿನ ಡೇರಿ. “ಹುಡುಗ ಫ್ಯಾಕ್ಟ್ರೀಲವ್ನೆ” ಎಂದರೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಅದಕ್ಕೆ ಇನ್ನೊಂದು ಮುಖವೂ ಇದೆ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ, ಹೆಣ್ಣು ಸಿಗದ ಯುವಕರು ಪಾದಯಾತ್ರೆ ಹೊರಟರು. ಪತ್ರಿಕೆಗಳು ಅದನ್ನು ಸ್ವಲ್ಪ ತಮಾಷೆಯಾಗಿಯೇ ಬರೆದವು. ನನಗೆ ನಗು ಬರಲಿಲ್ಲ. ಮೇಳದ ಸಾಲಿನಲ್ಲಿ ನಿಂತವನಿಗೆ ಸಂಬಳದ ಚೀಟಿ ಎಂದರೆ ಬರೀ ಹಣವಲ್ಲ.

ಕೆಲಸ ಹುಡುಕಿಕೊಡುವ ಹೊಣೆಯನ್ನು ಸರ್ಕಾರ ಹೊತ್ತದ್ದು 1945ರಲ್ಲಿ, ಯುದ್ಧ ಮುಗಿಸಿ ಬಂದ ಸೈನಿಕರಿಗಾಗಿ. ಕೆಲವೇ ವರ್ಷಗಳಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳ ಬಾಗಿಲು ಎಲ್ಲರಿಗೂ ತೆರೆಯಿತು. 1956ರ ನವೆಂಬರಿನಿಂದ ಅವುಗಳ ದಿನನಿತ್ಯದ ಆಡಳಿತ ರಾಜ್ಯಗಳಿಗೆ ಬಂತು. ನನಗೆ ಮುಖ್ಯವೆನಿಸುವುದು 1959ರ ಕಾಯ್ದೆ. ಸರ್ಕಾರಿ ಸಂಸ್ಥೆಗಳೂ, 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ತಮ್ಮ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕೆಂದು ಅದು ಹೇಳಿತು. ತಿಂಗಳಿಗೆ 60 ರೂಪಾಯಿಗಿಂತ ಕಡಿಮೆ ಸಿಗುವ ಕೆಲಸಗಳನ್ನು ತನ್ನ ಲೆಕ್ಕದಿಂದಲೇ ಹೊರಗಿಟ್ಟಿತು. ಮರುವರ್ಷದ ನಿಯಮಗಳು ಹುದ್ದೆಯ ಜೊತೆ ಸಂಬಳ, ಭತ್ಯೆಯ ವಿವರವನ್ನೂ ಕೇಳಿದವು. ಕೇಂದ್ರದ ಮೂಲಕವೇ ನೇಮಿಸಿಕೊಳ್ಳಿ ಎಂಬ ಕಡ್ಡಾಯ ಇರಲಿಲ್ಲ, ನಿಜ. ಕಾರ್ಡು ಮಾಡಿಸಿ ವರ್ಷಗಟ್ಟಲೆ ಕಾದವರೇ ಹೆಚ್ಚು. ಆದರೂ ಸಂಬಳದ ಕಾಲಂ ಖಾಲಿ ಬಿಟ್ಟು ‘ಹುದ್ದೆ’ ಎಂದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಮೇಳದ ಮೇಜಿಗೆ ಆ ಕಾಗದದ ಕಾಟವಿಲ್ಲ.

ಹಾಗೆಂದು ಕಮಿಷನ್ ಮಂಡ್ಯಕ್ಕೆ ಹೊಸದಲ್ಲ. ಆಲೆಮನೆಯಿಂದ ಗಾಡಿ ಹೂಡಿಕೊಂಡು ಬಂದ ರೈತ ಬೆಲ್ಲದ ಮಂಡಿಯಲ್ಲಿ ದಲ್ಲಾಳಿಯ ಮುಂದೆಯೇ ನಿಲ್ಲಬೇಕಿತ್ತು. ಆದರೆ ಆ ದಲ್ಲಾಳಿಗೆ ಅಂಗಡಿಯಿತ್ತು, ಗೋದಾಮಿತ್ತು, ರೈತನಿಗೆ ಮುಂಗಡ ಕೊಡುವಷ್ಟು ಬಂಡವಾಳವಿತ್ತು. 1956ರ ಸೆಪ್ಟೆಂಬರಿನಲ್ಲಿ ಜೀವ ವಿಮಾ ನಿಗಮ ಬಂದ ಮೇಲೆ ಊರೂರಿಗೆ ಏಜೆಂಟರಾದರು. ಹೊಲ, ಅಂಗಡಿ, ಪಿಂಚಣಿ ಯಾವುದಾದರೊಂದು ಆಸರೆ ಇದ್ದವರೇ ಅವರಲ್ಲಿ ಹೆಚ್ಚೆಂದು ನಾನು ಕಂಡದ್ದು. 1972ರಲ್ಲಿ ಅಂಚೆ ಕಚೇರಿಯ ಆರ್.ಡಿ. ಕಟ್ಟಿಸಲು ಮಹಿಳಾ ಏಜೆಂಟರ ಯೋಜನೆ ಬಂತು, ಶೇ. 4 ಕಮಿಷನ್. ಅದೂ ಮನೆಯ ದುಡಿಮೆಗೆ ಜೊತೆಯಾದ ನಾಲ್ಕು ಕಾಸು. 1999ರ ಕಾಯ್ದೆಯಿಂದ ವಿಮೆ ಖಾಸಗಿಯವರಿಗೆ ತೆರೆದ ಮೇಲೆ ಏಜೆಂಟ್ ‘ಅಡ್ವೈಸರ್’ ಆದ. ಉಪದುಡಿಮೆಯಾಗಿದ್ದದ್ದು ಡಿಗ್ರಿ ಮುಗಿಸಿದವನ ಮೊದಲ ಕೆಲಸವೆಂಬ ಹೆಸರು ಹೊತ್ತು ಮೇಳಕ್ಕೆ ಬಂತು.

ಲೆಕ್ಕ ಹಾಕೋಣ. ದೀರ್ಘಾವಧಿಯ ವಿಮೆಗೆ ಮೊದಲ ವರ್ಷದ ಕಂತಿನಲ್ಲಿ ಏಜೆಂಟನಿಗೆ ಹೆಚ್ಚೆಂದರೆ ಶೇ. 35 ಎಂಬುದು ಬಹುಕಾಲ ನಡೆದ ಲೆಕ್ಕ. ವರ್ಷಕ್ಕೆ 12,000 ರೂಪಾಯಿ ಕಂತಿನ ಪಾಲಿಸಿಗೆ 4,200. ತಿಂಗಳಿಗೆ 12,600 ಗಿಟ್ಟಬೇಕಾದರೆ ಅಂಥ ಮೂರು ಪಾಲಿಸಿ, ವರ್ಷಕ್ಕೆ 36. ಮೊದಲ ಪಾಲಿಸಿ ಸೋದರಮಾವನದು, ಎರಡನೆಯದು ಚಿಕ್ಕಪ್ಪನದು, ಮೂರನೆಯದು ಅಕ್ಕನ ಗಂಡನದು. ಕಬ್ಬಿನ ಬಾಕಿ ಬಂದ ಮೇಲೆ ನೋಡೋಣ ಎನ್ನುವ ಊರಿನಲ್ಲಿ ನೆಂಟರ ಪಟ್ಟಿ ನಾಲ್ಕೈದು ತಿಂಗಳಿಗೆ ಮುಗಿಯುತ್ತದೆ. ಕಂಪನಿಗೆ ಪಾಲಿಸಿಗಳು ಉಳಿಯುತ್ತವೆ, ಹುಡುಗ ಬಿಡುತ್ತಾನೆ, ಮುಂದಿನ ಮೇಳಕ್ಕೆ ಹೊಸ ಹುಡುಗ, ಹೊಸ ನೆಂಟರು. ಚೆನ್ನಾಗಿ ದುಡಿದವರಿಲ್ಲವೆ? ಇದ್ದಾರೆ. ಮೇಜಿನ ಮೇಲೆ ಅವರ ಫೋಟೊವೇ ಇರುತ್ತದೆ.

ಮಳವಳ್ಳಿಗೆ ರೈಲಿಲ್ಲ. ಮದ್ದೂರಿನವರಂತೆ ಬೆಳಗಿನ ಪ್ಯಾಸೆಂಜರ್ ಹತ್ತಿ ಬೆಂಗಳೂರಿಗೆ ಹೋಗಿ ಬರುವುದು ಅಲ್ಲಿನವರಿಗೆ ಸುಲಭವಲ್ಲ. ಊರಲ್ಲೇ ಕೆಲಸ ಎಂದರೆ ಕಿವಿ ನೆಟ್ಟಗಾಗುತ್ತದೆ. ಅಲ್ಲಿನ ಒಂದು ಮೇಳದಲ್ಲಿ ಮಗಳ ಜೊತೆ ಬಂದಿದ್ದ ರೈತರೊಬ್ಬರು ಎಲ್ಲ ಕೇಳಿಸಿಕೊಂಡು, “ಪೆಟ್ರೋಲ್ ಯಾರ್ದಪ್ಪ?” ಎಂದರು. ಮೇಜಿನ ಹಿಂದಿದ್ದ ಯುವಕ ನಕ್ಕು ಮಾತು ಬದಲಿಸಿದ. ಮಧ್ಯಾಹ್ನ ಚಹಾ ಕುಡಿಯುವಾಗ ಅವನೇ ನನಗೆ ಹೇಳಿದ: ಅವನಿಗೂ ಟಾರ್ಗೆಟ್ ಇದೆ, ತಿಂಗಳಿಗೆ ಇಷ್ಟು ಜನರನ್ನು ಸೇರಿಸಬೇಕು, ಸೇರಿದವರು ಮಾಡಿದ ವ್ಯಾಪಾರದಲ್ಲಿ ಅವನಿಗೂ ಪಾಲು. ಹಿಂದೆ ಮೈಸೂರು ಬಯಲಿನ ಹಳ್ಳಿಗಳಿಂದ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಆಳು ಕರೆದೊಯ್ಯುತ್ತಿದ್ದ ಮೇಸ್ತ್ರಿಗೂ ಹೀಗೆಯೇ ತಾನು ತಂದ ಆಳುಗಳ ಕೂಲಿಯ ಮೇಲೆ ಕಮಿಷನ್ ಸಿಗುತ್ತಿತ್ತು. ಒಂದು ವ್ಯತ್ಯಾಸ: ಆ ಮೇಸ್ತ್ರಿ ಹೊರಡುವ ಮೊದಲು ಆಳಿನ ಮನೆಗೆ ಮುಂಗಡ ಕೊಟ್ಟಿರುತ್ತಿದ್ದ. ಅದು ಸಾಲವೇ, ತೀರಿಸುವವರೆಗೂ ಕಾಲಿಗೆ ಕಟ್ಟಿದ ಗುಂಡೇ. ಮಳವಳ್ಳಿಯ ಆ ಹುಡುಗಿಗೆ ಮಾತ್ರ ಏಜೆಂಟ್ ಪರೀಕ್ಷೆಯ ಶುಲ್ಕ ತಾವೇ ಕಟ್ಟಬೇಕೆಂದು ಹೇಳಿ ಕಳಿಸಿದರು.