‘ಆರಾಮ’ ಎಂಬ ತೋಟ

ಜೇವರ್ಗಿ ಕಡೆಯ ಮುದುಕಿಯೊಬ್ಬಳಿಗೆ “ಆರೋಗ್ಯ ಹೇಗಿದೆ?” ಎಂದು ಕೇಳಿ ನೋಡಿ, ಆ ಪದವನ್ನು ಆಸ್ಪತ್ರೆಯ ಚೀಟಿಗೇ ಬಿಟ್ಟುಕೊಟ್ಟು ಆಕೆ ಹೇಳುವುದು, “ಜರಾ ಆರಾಮ ಅನಸ್ತದ್ರಿ.” ಆಳಂದದಲ್ಲಿ ಬೀಗರು ಎದುರಾದರೆ “ಆರಾಮ ಅದೀರಿ?”, ಅಫಜಲಪುರದಲ್ಲಿ ಜ್ವರ ಬಂದರೆ “ಮೈಯಾಗ ಆರಾಮಿಲ್ಲ”, ಜ್ವರ ಇಳಿದರೆ “ಆರಾಮಾಯ್ತು”, ಅವಸರಪಡುವವನಿಗೆ “ಆರಾಮ ಬಾ”: ಇಷ್ಟು ಕೆಲಸಕ್ಕೆ ಒಂದೇ ಪದ.

ನಮ್ಮ ಹಳೆಯ ಕಾವ್ಯಗಳನ್ನು ತಿರುವಿದವರಿಗೆ ಆರಾಮವೆಂದರೆ ಉಪವನ, ಹೂದೋಟ. ಭಿಕ್ಷುಗಳು ತಂಗುವ ಸಂಘಾರಾಮವೂ ಅದೇ, ಭೀಮಾ ತೀರದ ಸನ್ನತಿಯಲ್ಲಿ ಸ್ತೂಪ ಕಟ್ಟಿದ ಬೌದ್ಧರಿಗೆ ಚಿರಪರಿಚಿತವಾಗಿದ್ದ ಮಾತು. ಧಾತು ‘ರಮ್’, ಧಾತುಪಾಠ ಅದಕ್ಕೆ ಆಟದ ಅರ್ಥ ಕೊಟ್ಟರೂ, ವಿರಾಮ, ಉಪರತಿ ಎಂಬಲ್ಲೆಲ್ಲ ಒಳಗಿನಿಂದ ‘ನಿಲ್ಲು, ತಂಗು’ ಎಂಬ ಇನ್ನೊಂದು ದನಿಯೇ ಕೇಳುತ್ತದೆ. ಆದರೆ ಮುದುಕಿಯ ಆರಾಮ ಈ ತೋಟದಿಂದ ನೇರವಾಗಿ ಬಂದುದಲ್ಲ. ನೆಮ್ಮದಿ, ವಿಶ್ರಾಂತಿ ಎಂಬರ್ಥದ ಫಾರಸಿ ‘ಆರಾಮ್’ ಅದು. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳಿಂದ 1948ರ ನಿಜಾಮನವರೆಗೆ ದರ್ಬಾರು, ಕಚೇರಿ, ಸಂತೆ, ದಖನಿ ಮಾತು ಎಲ್ಲವನ್ನೂ ಹಾದು ಇಲ್ಲಿಯ ನಾಲಗೆಗೆ ಇಳಿದದ್ದು. ಸೊಗಸೆಂದರೆ ಅವೆರಡೂ ಅಕ್ಕತಂಗಿಯರು: ಅವೆಸ್ತಾ ಭಾಷೆಯ ‘ರಾಮನ್’, ಅಂದರೆ ಶಾಂತಿ, ಅದೇ ಬೇರಿನ ಕೊಂಬೆ. ಇರಾನಿನಲ್ಲಿ ಬೆಳೆದ ತಂಗಿ ಬಂದು ಅಕ್ಕನ ಹೆಸರನ್ನೇ ಹೊತ್ತು ಕೂತಳು. (‘ಆರಾಮವೇ ಹರಾಮು’ ಎಂಬ ನೆಹರೂ ಕಾಲದ ಘೋಷಣೆಯನ್ನು ಜೇವರ್ಗಿಯ ಅರ್ಥದಲ್ಲಿ ಓದಿದರೆ, ಗುಣವಾಗುವುದೇ ತಪ್ಪೆಂದಾದೀತು!)

‘ಆರೋಗ್ಯ’ವಾದರೋ ‘ಅರೋಗ’ದಿಂದ ಹುಟ್ಟಿದ್ದು, ಇಲ್ಲ ಎಂಬುದರ ಮೇಲೆ ನಿಂತ ಪದ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ ಎಂದಿತು. ಹಾಗೆಂದಾಗ ಅದು ನಮ್ಮ ಮುದುಕಿಯ ಪದದತ್ತಲೇ ಸರಿಯಿತೆಂದು ನನಗನ್ನಿಸುತ್ತದೆ. ಅದೇ ಸಂಸ್ಥೆ 1991ರಲ್ಲಿ ಜೀವನದ ಗುಣಮಟ್ಟ ಅಳೆಯುವ ಪ್ರಶ್ನಾವಳಿಗೆ ಕೈಹಾಕಿದಾಗ, ದೆಹಲಿ, ಮದ್ರಾಸುಗಳೂ ಸೇರಿ 15 ಕೇಂದ್ರಗಳಲ್ಲಿ ಜನರನ್ನು ಗುಂಪಾಗಿ ಕೂರಿಸಿ, ‘ಬದುಕು ಚೆನ್ನಾಗಿದೆ ಅನ್ನುವುದು ಯಾವುದರಿಂದ?’ ಎಂಬುದನ್ನು ಅವರವರ ಮಾತಿನಲ್ಲೇ ಕೇಳಿ, ಆ ಮಾತುಗಳಿಂದ ಪ್ರಶ್ನೆಗಳನ್ನು ಹೆಕ್ಕಿದರು. ಮೊದಲು 100 ಪ್ರಶ್ನೆಗಳಿದ್ದವು, ಆಮೇಲೆ 26ರ ಚಿಕ್ಕ ಆವೃತ್ತಿಯೂ ಬಂತು. ರಕ್ತಪರೀಕ್ಷೆಗೆ ಸಿಗದ್ದನ್ನು ರೋಗಿಯ ಬಾಯಿಂದಲೇ ಅಳೆಯುವ ವಿದ್ಯೆಯಿದು. ಅಲ್ಲಿ ಪದಜಿಜ್ಞಾಸೆಯೂ ವೈದ್ಯದ ಅರ್ಧ ಕೆಲಸ.

ಹಾಗೆಂದು ‘ನಿಮಗೆ ಆರಾಮವಿದೆಯೇ?’ ಎಂದು ಅಚ್ಚುಹಾಕಿಬಿಟ್ಟರೆ ಮುಗಿಯದು. ತೊಗರಿ ಹೊಲದಿಂದ ಬಂದವಳು ಅದನ್ನು ಜಡ್ಡು ವಾಸಿಯಾಯಿತೇ ಎಂದೂ, ಬಿಡುವು ಸಿಕ್ಕಿತೇ ಎಂದೂ, ಮನಸ್ಸಿಗೆ ಸಮಾಧಾನವೇ ಎಂದೂ ಕೇಳಿಸಿಕೊಳ್ಳಬಹುದು. ಅದಕ್ಕೇ ಬಲ್ಲವರು ಪ್ರಶ್ನೆ ಓದಿ ಹೇಳಿ, ‘ಇದರಿಂದ ನಿಮಗೇನು ತಿಳೀತು?’ ಎಂದು ಮರಳಿ ಕೇಳುತ್ತಾರೆ. ವೈದ್ಯರು “ಆರಾಮ ಮಾಡ್ರಿ” ಅಂದರೆ ಇಲ್ಲಿಯವರು ಕೊಡಬಹುದಾದ ಉತ್ತರವನ್ನು ಯಾವ ಚೌಕದೊಳಗೆ ಗುರುತು ಹಾಕುವುದೋ: “ಮೊದಲ ಆರಾಮ ಆಗ್ಲಿ, ಆಮ್ಯಾಲ ಆರಾಮ ಮಾಡ್ತೀನ್ರಿ.”