ಯೂರೋವಿಷನ್ ಗೀತಸ್ಪರ್ಧೆ: ಟಿ.ವಿ. ವೀಕ್ಷಕರ ಇಳಿಕೆ

ಯೂರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟವು ನಡೆಸುವ ಅಂತಾರಾಷ್ಟ್ರೀಯ ಗೀತಸ್ಪರ್ಧೆ ಯೂರೋವಿಷನ್. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಆರಂಭವಾಯಿತು.

2016ರ ಸ್ಟಾಕ್‌ಹೋಮ್ ಸ್ಪರ್ಧೆಯನ್ನು 20.4 ಕೋಟಿ ಜನ ನೋಡಿದರೆಂದು ಒಕ್ಕೂಟ ಲೆಕ್ಕ ಕೊಟ್ಟಿತು. 2021ರಲ್ಲಿ ಅದು 18.3 ಕೋಟಿಗೂ 2022ರಲ್ಲಿ 16.1 ಕೋಟಿಗೂ ಇಳಿಯಿತು. ಈ ಕೊನೆಯ ಕುಸಿತವನ್ನು ಕಂಡು ಜನರ ಆಸಕ್ತಿಯೇ ಬತ್ತಿತೆನ್ನುವುದು ಅವಸರದ ತೀರ್ಮಾನ. ಉಕ್ರೇನ್ ಮೇಲೆ ದಾಳಿ ಮಾಡಿದ ರಷ್ಯಾವನ್ನು ಆ ವರ್ಷ ಹೊರಗಿಡಲಾಗಿತ್ತು. ಅಷ್ಟು ದೊಡ್ಡ ದೇಶದ ವೀಕ್ಷಕರು ಒಮ್ಮೆಗೇ ಲೆಕ್ಕದಿಂದ ಬಿಟ್ಟುಹೋದರು. ಮೊಬೈಲಿನಲ್ಲಿ, ಯೂಟ್ಯೂಬಿನಲ್ಲಿ ಹಾಡು ನೋಡುವ ಯುವಜನರೂ ಟಿ.ವಿ. ಅಂಕಿಗಳಲ್ಲಿ ಪೂರ್ತಿಯಾಗಿ ಕಾಣಿಸುವುದಿಲ್ಲ.

ನಿಜವಾದ ಇಳಿಕೆ ಕಾಣುವುದು ಬ್ರಿಟನ್ನಿನಲ್ಲಿ. ಉಕ್ರೇನಿನ ಪರವಾಗಿ ಲಿವರ್‌ಪೂಲ್ ಆತಿಥ್ಯ ವಹಿಸಿದ 2023ರ ಅಂತಿಮ ಸುತ್ತಿಗೆ ಬಿಬಿಸಿಯಲ್ಲಿ ಸರಾಸರಿ 99 ಲಕ್ಷ ವೀಕ್ಷಕರಿದ್ದರು. ಮರುವರ್ಷ 77 ಲಕ್ಷ, 2025ರಲ್ಲಿ 67 ಲಕ್ಷ. ಅದೇ 2025ರಲ್ಲಿ ಒಟ್ಟು ವೀಕ್ಷಕರು ಮಾತ್ರ 16.6 ಕೋಟಿಗೆ ಏರಿದ್ದರು.

ರಷ್ಯಾದಂತೆ ದೇಶಗಳು ಹೊರಗುಳಿದರೆ ಒಟ್ಟು ಲೆಕ್ಕ ಮತ್ತೆ ಇಳಿಯಬಹುದು: ಇಸ್ರೇಲಿನ ಭಾಗವಹಿಸುವಿಕೆಯನ್ನು ವಿರೋಧಿಸಿ 2026ರ ವಿಯೆನ್ನಾ ಸ್ಪರ್ಧೆಯಿಂದ ಸ್ಪೇನ್, ಐರ್ಲೆಂಡ್, ನೆದರ್‌ಲೆಂಡ್ಸ್, ಸ್ಲೊವೇನಿಯಾ, ಐಸ್‌ಲೆಂಡ್ ಹಿಂದೆ ಸರಿದವು.