ಬಿಚ್ಚದ ಸ್ಕ್ರೂವಿನ ಹಿಂದಿರುವ ಇನ್ನೂರು ವರ್ಷ

ಮಳೆ ಬಿಟ್ಟು ಅಂಗಳದ ಪಾಚಿ ಒಣಗುವ ಹೊತ್ತಿಗೆ ಅಳದಂಗಡಿ ಕಡೆಯ ಮನೆಗಳಲ್ಲಿ ಒಂದು ಕೆಲಸ ಶುರುವಾಗುತ್ತದೆ. ಹಳೆ ಓಮ್ನಿಯ ಹಿಂದಿನ ದೀಪ ಉರಿಯುವುದಿಲ್ಲ. ಮಾರುತಿ 800ರ ನಂಬರ್ ಪ್ಲೇಟು ನೇತಾಡುತ್ತಿದೆ. ಜೀಪಿನ ಬಾಗಿಲು ಸರಿಯಾಗಿ ಕೂರುವುದಿಲ್ಲ. ಗ್ಯಾರೇಜಿಗೆ ಕೊಂಡುಹೋಗುವಷ್ಟು ದೊಡ್ಡ ಕೆಲಸವಲ್ಲ, ಮನೆಯಲ್ಲೇ ಮುಗಿಸೋಣ ಎಂದು ಸ್ಕ್ರೂ ಡ್ರೈವರ್ ಹಿಡಿದು ಕೂರುತ್ತೇವೆ. ಎರಡು ಸ್ಕ್ರೂ ಬಿಚ್ಚಿ ಬರುತ್ತದೆ. ಮೂರನೆಯದು ಅಲುಗುವುದಿಲ್ಲ.

ಬಲ ಹಾಕಿದರೆ ತಲೆಯ ಚಡಿ ಸವೆಯುತ್ತದೆ. ಇನ್ನೂ ಬಲ ಹಾಕಿದರೆ ತಲೆಯೇ ತುಂಡಾಗುತ್ತದೆ. ಕೆಲವೇ ರೂಪಾಯಿಯ ಸ್ಕ್ರೂಗಾಗಿ ಡ್ರಿಲ್ಲು, ವೆಲ್ಡಿಂಗು, ಹೊಸ ಬಿಡಿಭಾಗ ಎಂದು ಖರ್ಚು ಬೆಳೆಯುತ್ತದೆ. ಬಾಡಿಗೆಗೆ ಓಡುವ ಗಾಡಿಯಾದರೆ ಆ ದಿನದ ದುಡಿಮೆಯೂ ಹೋಯಿತು.

ನಾವು ತಪ್ಪನ್ನೆಲ್ಲ ತುಕ್ಕಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಆದರೆ ಸ್ಕ್ರೂ ಹಾಳಾಗುವುದು ಹೆಚ್ಚಾಗಿ ತುಕ್ಕಿನಿಂದಲ್ಲ, ಅದಕ್ಕೆ ಹೊಂದದ ಉಪಕರಣದಿಂದ. ಸ್ಕ್ರೂ ಒಂದು ದೇಶದ ಅಳತೆಯದು, ಕೈಯಲ್ಲಿರುವ ಸ್ಪ್ಯಾನರ್ ಇನ್ನೊಂದು ದೇಶದ್ದು. ಇದು ಹೇಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ತುಕ್ಕಿನ ಮಾತು

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4 ಮೀಟರ್. ಘಟ್ಟದ ಬುಡದ ಬೆಳ್ತಂಗಡಿ ಕಡೆ ತಿಂಗಳುಗಟ್ಟಲೆ ಗಾಡಿಯ ಅಡಿಭಾಗ ಒಣಗುವುದೇ ಇಲ್ಲ. ಅದರ ಮೇಲೆ ರಸ್ತೆಯ ಕೆಮ್ಮಣ್ಣು ಮೆತ್ತಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಮತ್ತು ಬೋಲ್ಟಿನ ಥ್ರೆಡ್ಡುಗಳ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅಲ್ಲಿ ತುಕ್ಕು ಉಬ್ಬಿದರೆ ಬೆಣೆ ಹೊಡೆದಂತೆ ಬಿಗಿಯುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ಕಬ್ಬಿಣದ ಸ್ಕ್ರೂ ಹಾಕಿದ್ದರೆ ಇನ್ನೂ ಕಷ್ಟ. ಎರಡು ಬೇರೆ ಲೋಹ, ನಡುವೆ ನೀರು. ಅಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ.

ಕುಲುಮೆ ಕಲಿಸಿದ್ದು

ಎತ್ತಿನ ಗಾಡಿಯ ಕಾಲದಲ್ಲಿ ಸ್ಕ್ರೂವಿಗೆ ಕೆಲಸವಿರಲಿಲ್ಲ. ಮರಕ್ಕೆ ಮರ ಕೂಡಿಸಲು ಗೂಟ, ಚಕ್ರ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ. ಬಿಚ್ಚಬೇಕಾದರೆ ಸುತ್ತಿಗೆಯ ಒಂದೆರಡು ಪೆಟ್ಟು ಸಾಕು.

ಆದರೆ ಇಂದಿನ ಮೆಕ್ಯಾನಿಕ್ ಬಳಸುವ ಒಂದು ದೊಡ್ಡ ಉಪಾಯ ಆಗಲೇ ನಮ್ಮ ಆಚಾರಿಗಳ ಕೈಯಲ್ಲಿತ್ತು. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವಾಗ ಪಟ್ಟಿಯ ಅಳತೆಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ಮಾಡುತ್ತಿದ್ದರು. ಅದನ್ನು ಬೆಂಕಿಯಲ್ಲಿ ಕೆಂಪಾಗಿಸಿದಾಗ ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ಕೂರಿಸಿ ನೀರು ಹೊಯ್ದರೆ ಕುಗ್ಗಿ ಬಿಗಿಯಾಗುತ್ತದೆ. ತುಕ್ಕು ಹಿಡಿದ ನಟ್ಟಿಗೆ ಗ್ಯಾಸಿನ ಉರಿ ಹಿಡಿಯುವುದೂ ಇದೇ ಲೆಕ್ಕ. ಕಾಯಿಸಬೇಕಾದದ್ದು ಹೊರಗಿನ ನಟ್ಟನ್ನು, ಒಳಗಿನ ಬೋಲ್ಟನ್ನಲ್ಲ. ನಟ್ಟು ಹಿಗ್ಗಿದಾಗ ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ.

ಇಂಚಿನವರ ಜಗಳ

ಸುಮಾರು 1800ರವರೆಗೆ ಇಂಗ್ಲೆಂಡಿನಲ್ಲೂ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲ. ಆ ಹೊತ್ತಿಗೆ ಹೆನ್ರಿ ಮೌಡ್ಸ್ಲೇ ಎಂಬವರು ಒಂದೇ ಅಳತೆಯ ಥ್ರೆಡ್ ಕೊರೆಯುವ ಲೇತ್ ಯಂತ್ರವನ್ನು ಸುಧಾರಿಸಿದರು. ಅವರ ಕಾರ್ಖಾನೆಯಲ್ಲಿ ದುಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲರೂ ಒಂದೇ ಅಳತೆ ಬಳಸೋಣ ಎಂದು ಒಂದು ಪಟ್ಟಿ ಮುಂದಿಟ್ಟರು. ಅದರಲ್ಲಿ ಥ್ರೆಡ್ಡಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯೇ ಸುಲಭ ಎಂದು ಬೇರೆ ಪಟ್ಟಿ ಮಾಡಿದರು. ಯುರೋಪಿನ ಹಲವರು ಮಿಲಿಮೀಟರ್ ಹಿಡಿದರು.

ಮೋಟಾರು ಗಾಡಿ ನಮ್ಮ ಜಿಲ್ಲೆಗೆ ಬರುವಾಗ ಈ ಜಗಳ ಮುಗಿದಿರಲಿಲ್ಲ. 1914ರ ಹೊತ್ತಿಗೆ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಹಿರಿಯರ ಬಾಯಲ್ಲಿ ಸಿಪಿಸಿ, ಬಸ್ಸು ಓಡಿಸತೊಡಗಿತು. ಗಾಡಿ ಹೊರದೇಶದ್ದು, ಬಿಡಿಭಾಗ ಬರಬೇಕಾದದ್ದು ಹಡಗಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಅಂಥ ಕಾಲದಲ್ಲಿ ಬೋಲ್ಟನ್ನು ಮುರಿಯದೆ ಬಿಚ್ಚಿ ಮತ್ತೆ ಬಳಸುವುದೇ ಮೆಕ್ಯಾನಿಕ್ಕಿನ ಮುಖ್ಯ ವಿದ್ಯೆ. 1940ರ ದಶಕದಲ್ಲೇ ವಿ.ಎಸ್. ಕುಡ್ವರು ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿದರು. ಅಲ್ಲಿ ತಯಾರಾದ ಕೆನರಾ ಸ್ಪ್ರಿಂಗ್ಸ್ ಪ್ಲೇಟುಗಳು ದೂರದೂರದ ಲಾರಿಗಳ ಅಡಿಗೆ ಹೋದವು.

ಯುದ್ಧದಲ್ಲಿ ಬ್ರಿಟಿಷರ ನಟ್ಟು ಅಮೆರಿಕದವರ ಬೋಲ್ಟಿಗೆ ಕೂರದೆ ಇಬ್ಬರೂ ಸಾಕಷ್ಟು ಒದ್ದಾಡಿದ್ದರು. 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ 60 ಡಿಗ್ರಿಯ ಒಂದೇ ಥ್ರೆಡ್ಡಿಗೆ ಒಪ್ಪಿದವು. ಆದರೂ ಅಳತೆ ಇಂಚಿನಲ್ಲೇ ಉಳಿಯಿತು.

ಒಂದೇ ಗ್ಯಾರೇಜು, ಎರಡು ಪೆಟ್ಟಿಗೆ

ಸ್ವಾತಂತ್ರ್ಯದ ನಂತರ ನಮ್ಮ ಗುಡ್ಡಗಾಡು ರಸ್ತೆಗೆ ಒಗ್ಗಿದ್ದು ಜೀಪು. ಮಹೀಂದ್ರಾದವರು ಅಮೆರಿಕದ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸತೊಡಗಿದರು. 1957ರಲ್ಲಿ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ನಮೂನೆಯಲ್ಲೇ ಅಂಬಾಸಿಡರ್ ಬಂತು. ಎರಡೂ ಇಂಚಿನವು. ಅದೇ ಕಾಲದ ಫಿಯೆಟ್ ಇಟಲಿಯ ಮೂಲದ್ದು, ಅದರದು ಮಿಲಿಮೀಟರ್. ಭಾರತ ಸರ್ಕಾರವೂ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಅಳತೆಗೆ ಹೊರಳಿತು. ಹೀಗೆ ಹಳೆ ಗ್ಯಾರೇಜುಗಳಲ್ಲಿ ಇಂಚಿಗೊಂದು, ಮಿಲಿಮೀಟರಿಗೊಂದು ಎಂದು ಎರಡು ಸ್ಪ್ಯಾನರ್ ಪೆಟ್ಟಿಗೆ ಬೇಕಾಯಿತು.

ಇಲ್ಲೇ ತೊಂದರೆ. 3/4 ಇಂಚು ಎಂದರೆ 19.05 ಮಿ.ಮೀ. ಅದಕ್ಕೆ 19ರ ಸ್ಪ್ಯಾನರ್ ಹೆಚ್ಚುಕಡಿಮೆ ಕೂರುತ್ತದೆ. ಅರ್ಧ ಇಂಚು 12.7 ಮಿ.ಮೀ. 13ರದ್ದು ಹಾಕಿದರೆ ಸಡಿಲ. ಸುಲಭದ ಬೋಲ್ಟು ಬರುತ್ತದೆ, ತುಕ್ಕು ಹಿಡಿದದ್ದರ ಮೂಲೆ ಸವೆಯುತ್ತದೆ. 9/16 ಇಂಚು 14.29 ಮಿ.ಮೀ. 14 ಒಳಗೆ ಹೋಗದು, 15 ಹಾಕಿದರೆ ಮೂಲೆ ಹೋಯಿತೆಂದೇ ಲೆಕ್ಕ. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದ ಸಂಖ್ಯೆ ಬಾಯಿಯ ಅಗಲವಲ್ಲ, ಬೋಲ್ಟಿನ ದಪ್ಪ. 3/8 W ಎಂದಿದ್ದರೆ ಅದರ ಬಾಯಿ ಸುಮಾರು 18 ಮಿ.ಮೀ. ಇರುತ್ತದೆ. ಗೊತ್ತಿಲ್ಲದವರಿಗೆ ಅದು ಯಾವುದಕ್ಕೂ ಕೂರದ ಸ್ಪ್ಯಾನರ್.

ಹಳೆ ವಿಲ್ಲಿಸ್ ಜೀಪಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಎಡಬದಿಯ ಚಕ್ರಗಳ ನಟ್ಟು ಎಡಥ್ರೆಡ್ಡಿನವು. ಚಕ್ರ ತಿರುಗುವಾಗ ತಾನಾಗಿ ಸಡಿಲವಾಗದಿರಲಿ ಎಂದು ಹಾಗೆ ಮಾಡಿದ್ದು. ಗೊತ್ತಿಲ್ಲದೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ತುಳಿದವರು ಬಿಚ್ಚುತ್ತಿದ್ದೇವೆ ಎಂದುಕೊಂಡು ಬಿಗಿಯುತ್ತಲೇ ಇರುತ್ತಾರೆ.

ಸ್ಟಾರ್ ಬಂದದ್ದು

ಹಿಂದೆ ಸ್ಕ್ರೂವಿನ ತಲೆಯಲ್ಲಿ ಇದ್ದದ್ದು ಒಂದೇ ಗೀಟು. ಕಾರ್ಖಾನೆಯಲ್ಲಿ ಯಂತ್ರದಿಂದ ಬಿಗಿಯುವಾಗ ಡ್ರೈವರ್ ಪಕ್ಕಕ್ಕೆ ಜಾರಿ ಬಣ್ಣ ಗೀಚುತ್ತಿತ್ತು. ಅಮೆರಿಕದ ಜಾನ್ ಥಾಂಪ್ಸನ್ ಯೋಚಿಸಿದ ಅಡ್ಡಗೀಟಿನ ತಲೆಯ ಹಕ್ಕನ್ನು ಹೆನ್ರಿ ಫಿಲಿಪ್ಸ್ ಕೊಂಡು ಸುಧಾರಿಸಿದರು. 1936ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, ಕ್ಯಾಡಿಲಾಕ್ ಕಾರು ಮೊದಲು ಬಳಸಿತು. ನಾವು ಸ್ಟಾರ್ ಸ್ಕ್ರೂ ಎನ್ನುವುದು ಇದನ್ನೇ.

ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹಾಲಯಕ್ಕೆ ಹೋದಾಗ ಮಕ್ಕಳಿಗೆ ಒಂದು ಆಟ ಹೇಳಿಕೊಡಬಹುದು. 1936ಕ್ಕಿಂತ ಹಿಂದಿನ ಕಾರಿನಲ್ಲಿ ಸ್ಟಾರ್ ಸ್ಕ್ರೂ ಕಂಡರೆ ಅದು ಕಾರಿನ ಜೊತೆ ಹುಟ್ಟಿದ್ದಲ್ಲ, ರಿಪೇರಿಯಲ್ಲಿ ಆಮೇಲೆ ಸೇರಿದ್ದು.

ಈ ತಲೆಗೆ ಒಂದು ಸ್ವಭಾವವಿದೆ. ಚಡಿಯ ಗೋಡೆಗಳು ಓರೆ. ತಿರುಗಿಸುವ ಬಲ ಹೆಚ್ಚಾದರೆ ಡ್ರೈವರ್ ಮೇಲಕ್ಕೆ ಎದ್ದು ಜಾರುತ್ತದೆ. ಕಾರ್ಖಾನೆಯಲ್ಲಿ ಬಿಗಿಯುವವರಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಇಪ್ಪತ್ತು ವರ್ಷದ ಮೇಲೆ ಅಂಗಳದಲ್ಲಿ ಕುಳಿತು ಬಿಚ್ಚುವವರಿಗೆ ಅದೇ ಶತ್ರು.

ಜಪಾನಿನ ಚುಕ್ಕಿ

1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಗ್ರಾಹಕರ ಕೈಸೇರಿತು. ಮರುವರ್ಷ ಮಾರುತಿ ವ್ಯಾನ್ ಬಂತು, ಆಮೇಲೆ ಓಮ್ನಿ ಎಂದು ಹೆಸರಾದದ್ದು ಅದೇ. 1985ರಲ್ಲಿ ಹೀರೋ ಹೋಂಡಾ ಸಿಡಿ 100. ನಮ್ಮೂರಿನ ಮಧ್ಯಮ ವರ್ಗ ಗಾಡಿ ಹತ್ತಿದ್ದು ಇವುಗಳಿಂದ. ಮೂಲ ವಿನ್ಯಾಸ ಜಪಾನಿನದು, ಅಳತೆ ಮಿಲಿಮೀಟರ್.

ಜಪಾನಿನವರ ಸ್ಟಾರ್ ತಲೆ ನೋಡಲು ಫಿಲಿಪ್ಸಿನಂತೆಯೇ ಇದ್ದರೂ ಚಡಿಯ ಆಕಾರ ತುಸು ಬೇರೆ. ಅದಕ್ಕೆ ಜೆಐಎಸ್ ಎನ್ನುತ್ತಾರೆ. ಫಿಲಿಪ್ಸ್ ಡ್ರೈವರನ್ನು ಅದಕ್ಕೆ ಹಾಕಿದರೆ ಬುಡದವರೆಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ತಿರುಗಿಸಿದರೆ ಜಾರುತ್ತದೆ, ಚಡಿ ಸವೆಯುತ್ತದೆ. ಜೆಐಎಸ್ ಸ್ಕ್ರೂವಿನ ತಲೆಯಲ್ಲಿ ಹಲವು ಬಾರಿ ಒಂದು ಪುಟ್ಟ ಚುಕ್ಕಿ ಇರುತ್ತದೆ. ಬಿಚ್ಚುವ ಮೊದಲು ಆ ಚುಕ್ಕಿಯನ್ನು ಹುಡುಕುವುದು ಒಳ್ಳೆಯದು.

ಬೈಕಿನ ಅಲ್ಯೂಮಿನಿಯಂ ಎಂಜಿನ್ ಕವರಿನ ಸ್ಕ್ರೂ ಬಿಚ್ಚಲು ಗ್ಯಾರೇಜುಗಳು ಇಂಪ್ಯಾಕ್ಟ್ ಡ್ರೈವರ್ ಹಿಡಿದವು. ಅದರ ಹಿಂದೆ ಸುತ್ತಿಗೆಯಿಂದ ಹೊಡೆದರೆ ತುದಿ ಕೆಳಕ್ಕೆ ಒತ್ತುತ್ತಲೇ ತುಸು ತಿರುಗುತ್ತದೆ. ಒತ್ತುವುದರಿಂದ ಜಾರುವುದಿಲ್ಲ, ಪೆಟ್ಟಿನಿಂದ ತುಕ್ಕು ಬಿರಿಯುತ್ತದೆ.

ಎಣ್ಣೆಯ ಕತೆ

1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಒಂದು ಸಣ್ಣ ಕಂಪೆನಿ ಕ್ಷಿಪಣಿಯ ಮೈಗೆ ನೀರು ತಾಗದಂತೆ ಒಂದು ದ್ರವ ತಯಾರಿಸಿತು. ನಲವತ್ತನೇ ಪ್ರಯತ್ನದಲ್ಲಿ ಸರಿಯಾದ್ದರಿಂದ ಡಬ್ಲ್ಯುಡಿ-40 ಎಂಬ ಹೆಸರು. ಇಂದು ಅದರ ಡಬ್ಬ ನಮ್ಮ ಪೇಟೆಗಳ ಅಂಗಡಿಯಲ್ಲೂ ಇದೆ.

ಅದಕ್ಕೂ ಮೊದಲಿನಿಂದ ನಮ್ಮಲ್ಲಿ ಸೀಮೆ ಎಣ್ಣೆ, ಡೀಸೆಲ್ ಇದ್ದವು. ತೆಳುವಾದ್ದರಿಂದ ಸಂದಿಗೆ ಇಳಿಯುತ್ತವೆ. ತೆಂಗಿನೆಣ್ಣೆ ಅವಕ್ಕಿಂತ ದಪ್ಪ, ಅಷ್ಟು ಒಳಗೆ ಹೋಗುವುದಿಲ್ಲ. ಯಾವ ಎಣ್ಣೆಯಾದರೂ ಅದಕ್ಕೆ ಸಮಯ ಕೊಡಬೇಕು. ಹಾಕಿದ ಐದು ನಿಮಿಷಕ್ಕೆ ತಿರುಗಿಸಿದರೆ ಹಾಕಿದ್ದೇ ದಂಡ.

ಹಾಗಾದರೆ ಹೇಗೆ ಬಿಚ್ಚುವುದು?

ಈ ಇತಿಹಾಸವನ್ನೇ ಕೆಲಸದ ಕ್ರಮವಾಗಿ ಹೀಗೆ ಹೇಳಬಹುದು.

ಮೊದಲು ಚಡಿಯ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ, ತಂತಿ ಬ್ರಷ್ಷಿನಿಂದ ಉಜ್ಜಿ. ಸಂಜೆ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ತಟ್ಟಿ. ಬೆಳಿಗ್ಗೆ ಇನ್ನೊಮ್ಮೆ ಹಾಗೆಯೇ ಮಾಡಿ. ಬ್ರೇಕ್ ಶೂ, ಬ್ರೇಕ್ ಡಿಸ್ಕಿಗೆ ಎಣ್ಣೆ ತಾಗಬಾರದು.

ಚಡಿಯೊಳಗೆ ಅಲುಗದೆ ಕೂರುವ ಡ್ರೈವರನ್ನೇ ಆರಿಸಿ. ಸಣ್ಣದು ಬೇಡ. ತುಸು ಜಾರುವಂತಿದ್ದರೆ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಹಿಡಿತ ಬರುತ್ತದೆ. ಮುಕ್ಕಾಲು ಬಲ ಒತ್ತಲು, ಕಾಲು ಬಲ ತಿರುಗಿಸಲು ಇರಲಿ.

ಮೊದಲು ಒಂದು ಎಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಅಲುಗಿದರೆ ಒಂದೇ ಸಮನೆ ಎಳೆಯದೆ ಹಿಂದೆ ಮುಂದೆ ಮಾಡುತ್ತಾ, ನಡುನಡುವೆ ಎಣ್ಣೆ ಬಿಡುತ್ತಾ ತನ್ನಿ.

ಆಗದಿದ್ದರೆ ಇಂಪ್ಯಾಕ್ಟ್ ಡ್ರೈವರ್. ಅದಕ್ಕೂ ಬಗ್ಗದಿದ್ದರೆ ಉರಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ರಬ್ಬರ್ ಬುಷ್, ವಯರು ಹತ್ತಿರವಿದ್ದರೆ ಉರಿ ಹಿಡಿಯಲೇಬೇಡಿ. ಸುರಿದ ಎಣ್ಣೆಯನ್ನು ಮೊದಲು ಒರೆಸಿ. ತಲೆ ಸವೆದೇ ಹೋಗಿದ್ದರೆ ಹ್ಯಾಕ್ಸಾದಿಂದ ಹೊಸ ಗೀಟು ಕೊರೆಯುವುದು, ವೈಸ್ ಗ್ರಿಪ್ ಹಿಡಿಯುವುದು, ಕೊನೆಗೆ ಡ್ರಿಲ್. ಸುತ್ತಿಗೆ, ಡ್ರಿಲ್ ಹಿಡಿದಾಗ ಕಣ್ಣಿಗೆ ಕನ್ನಡಕವಿರಲಿ. ಬ್ರೇಕು, ಸ್ಟೇರಿಂಗಿನ ಬೋಲ್ಟು ಮುರಿದರೆ ಮನೆಯಲ್ಲಿ ಪ್ರಯೋಗ ಬೇಡ, ತಿಳಿದವರ ಕೈಗೆ ಕೊಡಿ.

ಮತ್ತೆ ಹಾಕುವಾಗ ಥ್ರೆಡ್ಡಿಗೆ ತುಸು ಗ್ರೀಸ್ ಹಚ್ಚಿದರೆ ಮುಂದಿನ ಬಾರಿ ಈ ಪಾಡಿಲ್ಲ. ಚಕ್ರದ ನಟ್ಟಿಗೆ ಮಾತ್ರ ಹಚ್ಚುವುದು ಬೇಡ. ಗ್ರೀಸ್ ಇದ್ದರೆ ಅದು ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿ ಬೋಲ್ಟು ಎಳೆದುಹೋಗಬಹುದು.

ಗುಜರಿಗೆ ಹಾಕುವ ಮೊದಲು

ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಇಂಚಿನ ಬೋಲ್ಟು ಬಿಚ್ಚಿ ಗೊತ್ತಿದ್ದ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ. ಅವರ ಗ್ಯಾರೇಜು ಮುಚ್ಚುವಾಗ ಸ್ಪ್ಯಾನರುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಡುತ್ತಾರೆ. ಆದರೆ ಹಳೆ ಜೀಪು ಇನ್ನೂ ನಮ್ಮ ತೋಟಗಳಲ್ಲಿ ಗೊಬ್ಬರ, ಅಡಿಕೆ ಹೊರುತ್ತಿದೆ. ಅದರ ಒಂದು ಬೋಲ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್ ಹುಡುಕಿಕೊಂಡು ಮಂಗಳೂರಿಗೆ ಹೋಗುವ ಸ್ಥಿತಿ ಬರಬಾರದು.

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಸ್ಪ್ಯಾನರ್ ಇದ್ದರೆ ತುಕ್ಕು ಉಜ್ಜಿ ಮೇಲಿನ ಸಂಖ್ಯೆ ಓದಿ. 1/2, 9/16 ಎಂದಿದೆಯೇ? W ಅಕ್ಷರವಿದೆಯೇ? ಇದ್ದರೆ ಬೇರೆ ಪೆಟ್ಟಿಗೆಯಲ್ಲಿ ತೆಗೆದಿಡಿ, ಯಾವ ಗಾಡಿಗೆ ಕೂರುತ್ತದೆ ಎಂದು ಮುಚ್ಚಳದ ಮೇಲೆ ಬರೆದಿಡಿ. ಊರಿನ ಹಿರಿಯ ಮೆಕ್ಯಾನಿಕ್ ಸಿಕ್ಕಾಗ ಒಂದು ಗಂಟೆ ಕೂತು ಕೇಳಿ, ಫೋನಿನಲ್ಲಿ ದಾಖಲಿಸಿಕೊಳ್ಳಿ. ಅವರ ಕೈಗೆ ಗೊತ್ತಿರುವ ಸಂಗತಿಗಳು ಬೇರೆಲ್ಲೂ ಬರೆದಿಟ್ಟಿಲ್ಲ.